ನಾಲ್ಕು ಗಂಟೆಗೆ ಚಹಾ ಕುಡಿಯದ ಕಾಕಾ

ನನ್ನ ಖಾನಾವಳಿಯಲ್ಲಿ ಉಂಡು ಹೋದವರನ್ನೆಲ್ಲ ನೆನಪಿಟ್ಟುಕೊಳ್ಳಬೇಕೆಂದರೆ ನನಗೆ ಇನ್ನೊಂದು ತಲೆ ಬೇಕಾದೀತು. ಇಚಲಕರಂಜಿಯಲ್ಲಿ ಮಗ್ಗಗಳಿಗೆ ಹೊತ್ತುಗೊತ್ತಿಲ್ಲ, ಮಗ್ಗದವರ ಹೊಟ್ಟೆಗೂ ಇಲ್ಲ. ಪಾಳಿ ಮುಗಿಸಿ ಬರುತ್ತಾರೆ, ಕೂದಲ ತುಂಬ ಹತ್ತಿಯ ಧೂಳು. ಸಪ್ಪಳದಲ್ಲೇ ಇದ್ದು ಇದ್ದು ಪಕ್ಕದವನ ಜೊತೆಗೂ ಕೂಗಿಯೇ ಮಾತಾಡುತ್ತಾರೆ, ಉಂಡು ಕೈ ತೊಳೆದು ಹೋಗುತ್ತಾರೆ. ಮುಖ ನೆನಪಿರುತ್ತದೆ, ಹೆಸರು ಇರುವುದಿಲ್ಲ. ಕಾಕಾನ ವಿಷಯ ಉಲ್ಟಾ. ಹೆಸರು ಚೆನ್ನಾಗಿ ಗೊತ್ತು, ಬರೆಯುವುದಿಲ್ಲ. ಹುಚ್ಚು ಎಂಬ ಮಾತು ಒಬ್ಬರ ಹೆಸರಿಗೆ ಅಂಟಿತೆಂದರೆ ಅವರು ಹೋದ ಮೇಲೂ ಬಿಡುವುದಿಲ್ಲ, ನಾನು ನೋಡಿದ್ದೇನೆ. ಓಣಿಗೆಲ್ಲ ಅವರು ಕಾಕಾ, ನನಗೂ ಕಾಕಾ.

ಅವರು ಹೋಗಿ ಇನ್ನೂ ಬಹಳ ದಿನವಾಗಿಲ್ಲ. ಕಿಟಕಿ ಪಕ್ಕದಲ್ಲಿ ಅವರು ಕೂರುತ್ತಿದ್ದ ಬೆಂಚಿನ ಮೇಲೆ ಯಾರಾದರೂ ಹೊಸಬ ಬಂದು ಕೂತರೆ ನನಗೆ ಸಿಟ್ಟು ಬರುತ್ತದೆ. ಪಾಪ, ಅವನ ತಪ್ಪೇನಿದೆ, ಉಣ್ಣಲು ಬಂದವನು. ಆದರೂ ರೊಟ್ಟಿ ಬಡಿಯುವ ಸಪ್ಪಳ ನನಗೇ ಗೊತ್ತಿಲ್ಲದಂತೆ ಜೋರಾಗುತ್ತದೆ. ನಾನು ಅಕಿವಾಟದವಳು, ಬಾಯಿ ಜೋರು ಕೈ ಜೋರು ಎಂದು ತವರಿನಲ್ಲೇ ಹೆಸರು ತೆಗೆದುಕೊಂಡು ಬಂದವಳು.

ಕಾಕಾನ ಕೆಲಸ ವಹಿಫಣಿ. ಮಗ್ಗದ ಮೇಲಿನ ಹಾಸಿನ ನೂಲು ಮುಗಿದು ನೂಲು ಸುತ್ತಿದ ಹೊಸ ಬೀಮ್ ಏರಿಸುವಾಗ, ಹಳೆಯ ಎಳೆಗೆ ಹೊಸ ಎಳೆ ಒಂದೊಂದಾಗಿ ಗಂಟು ಹಾಕಬೇಕು. ಸಾವಿರಾರು ಎಳೆ. ಅದು ಮುಗಿಯುವ ತನಕ ಮಗ್ಗ ಸುಮ್ಮನಿರುತ್ತದೆ. ಊರೆಲ್ಲ ಖಟಖಟ ಎನ್ನುವಾಗ ಕಾಕಾ ಕೂತ ಜಾಗ ಮಾತ್ರ ಶಾಂತ. ಬೆರಳು ನಡೆಯುತ್ತಿದ್ದವು, ಬಾಯಿಯೂ ನಡೆಯುತ್ತಿತ್ತು. ಮಾತುಗಾರ ಮನುಷ್ಯ. ಉಣ್ಣುವಾಗಲಂತೂ ತುತ್ತಿಗೊಂದು ಮಾತು.

ಅಡಿಗೆ ಕೆಟ್ಟರೆ ಕೆಟ್ಟಿದೆ ಎಂದು ಎಂದೂ ಹೇಳುತ್ತಿರಲಿಲ್ಲ. "ಅಕ್ಕಾ, ಉಪ್ಪು ಇವತ್ತ ಸೂಟಿ ಮ್ಯಾಲೆ ಹೋಗೇತೇನ್ರಿ?" ಎನ್ನುತ್ತಿದ್ದರು. ಖಾರ ಹೆಚ್ಚಾದ ದಿನ, "ಇವತ್ತ ಯಜಮಾನ್ರ ಕೂಡ ಜಗಳಾ ಆಗೇತಿ, ಝುಣಕಾ ಹೇಳಾಕತ್ತೈತಿ." ನಿಜ ಹೇಳಬೇಕೆಂದರೆ ಬಹಳ ಸಲ ಆಗಿಯೇ ಇರುತ್ತಿತ್ತು.

ರಾತ್ರಿ ಊಟ ಮುಗಿದ ಮೇಲೆ ಅಂಗಿಯ ಕಿಸೆಯಿಂದ ಗುಳಿಗೆ ತೆಗೆದು ಎಲ್ಲರೆದುರಿಗೇ ಬಾಯಿಗೆ ಹಾಕಿಕೊಳ್ಳುವರು. "ನೀರ ಕೊಡ್ರಿ ಅಕ್ಕಾ, ತಲಿಗೆ ಚಿಲಕಾ ಹಾಕ್ಕೋತೇನಿ." ಮುಚ್ಚಿಟ್ಟದ್ದಿಲ್ಲ. ಹೊಸಬರು ಏನ್ರಿ ಅದು ಎಂದು ಕೇಳಿದರೆ, "ನನ್ನ ತಲ್ಯಾಗ ಒಂದ ಬಾಗಲಾ ಐತಿ, ಗಾಳಿ ಬಂದ್ರ ತಗೀತೈತಿ" ಎಂದು ಅಷ್ಟೇ ಹೇಳಿ ಕೈ ತೊಳೆಯಲು ಏಳುತ್ತಿದ್ದರು.

ಪೂರ್ತಿ ಕಥೆ ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಲೈಟು ಹೋದಾಗ. ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ ಈ ಊರಿನಲ್ಲಿ ನಮ್ಮ ಕಿವಿಗೆ ಏನೋ ಕಳೆದುಹೋದಂತೆ ಅನಿಸುತ್ತದೆ. ಆ ಹೊತ್ತಿನಲ್ಲಿ ಜನ ಮನಸ್ಸಿನಲ್ಲಿದ್ದದ್ದು ಮಾತಾಡುತ್ತಾರೆ.

"ಹರೇದಾಗ ನನ್ನ ತಲಿ ಕೆಟ್ಟಿತ್ರಿ" ಎಂದರು. "ಮಗ್ಗದ ಸಪ್ಪಳದಾಗ ನನ್ನ ಹೆಸರ ಕೇಳಸ್ತಿತ್ತು. ನಿನ್ನ ಹೇಣ್ತಿ ಅನ್ನದಾಗ ಏನೋ ಕಲಸಾಕತ್ತಾಳ ಅಂತ ಆ ಸಪ್ಪಳ ಹೇಳತಿತ್ತು. ನಾ ನಂಬಿದ್ನಿ. ತಾಟ ತಗದ ಒಗದ್ನಿ. ಒಂದ ದಿನಾ ಅಲ್ಲ, ದಿನಾ."

"ಆಕಿ ಏನ್ ಮಾಡಿದ್ಲು?"

"ಮದ್ಲ ತಾನ ಒಂದ ತುತ್ತು ತಿಂದ ತೋರಸ್ತಿದ್ಲು. ನೋಡ್ರಿ, ನನಗೇನೂ ಆಗಿಲ್ಲ, ಉಣ್ರಿ ಅಂತ. ಆಮ್ಯಾಲೆ ಅಳತಿದ್ಲು. ಆಮ್ಯಾಲೆ ಆಕಿ ಅಣ್ಣ ಬಂದು ಗಡಹಿಂಗ್ಲಜಕ್ಕ ಕರಕೊಂಡ ಹೋದಾ." ಕಾಕಾ ಬೆರಳಿಗಂಟಿದ ನೂಲಿನ ಚೂರು ತೆಗೆಯುತ್ತಿದ್ದರು. "ಗುಳಿಗಿ ಚಾಲೂ ಆದ ಮ್ಯಾಲೆ ಸಪ್ಪಳ ಬರೇ ಸಪ್ಪಳ ಆತು. ಆದ್ರ ಯಾವ ಮಾರಿ ತಗೊಂಡ ಹೋಗ್ಲಿ ಅಕ್ಕಾ? ನಾನೂ ಹೋಗ್ಲಿಲ್ಲ, ಆಕೀನೂ ಬರ್ಲಿಲ್ಲ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಆ ಗಾದೆ ಮಾಡಿದವರು ಕಾಕಾನನ್ನು ನೋಡಿರಲಿಲ್ಲ. ಎರಡನ್ನೂ ಬಲ್ಲ ಮನುಷ್ಯ, ಎರಡರಲ್ಲೂ ಪೆಟ್ಟು ತಿಂದಿದ್ದರು.

ನೆತ್ತಿಗೇರುವುದು ಯಾವಾಗ ಶುರುವಾಯಿತೆಂದು ನಿಖರವಾಗಿ ಹೇಳಲಾರೆ. ಉಣ್ಣುತ್ತ ಉಣ್ಣುತ್ತ ಕೆಮ್ಮು ಬರುತ್ತಿತ್ತು, ಕಣ್ಣಲ್ಲಿ ನೀರು. ನಮ್ಮಲ್ಲಿ ಹಾಗಾದರೆ ಏನು ಮಾಡುತ್ತೇವೆ? ನೆತ್ತಿ ತಟ್ಟಿ, ಯಾರೋ ನೆನೆಯುತ್ತಿದ್ದಾರೆ ಎನ್ನುತ್ತೇವೆ. ಮರಾಠಿಯವರೂ ಅದನ್ನೇ ಹೇಳುತ್ತಾರೆ, "ಕೋಣೀತರೀ ಆಠವಣ ಕಾಢತಂಯ" ಎಂದು. ನಾನೂ ಬಡಿಸುವ ಕೈಯಿಂದಲೇ ಅವರ ನೆತ್ತಿ ತಟ್ಟಿದೆ. "ಯಾರೋ ಭಾಳ ನೆನಸಾಕತ್ತಾರ ನೋಡ್ರಿ ಕಾಕಾ."

ಕಾಕಾ ಕಣ್ಣೊರೆಸಿಕೊಂಡರು. ಮೆಲ್ಲಗೆ, "ಗಡಹಿಂಗ್ಲಜದಾಗ ಊಟಕ್ಕ ಕುಂತಿರಬೇಕು" ಎಂದರು. ಆ ವಯಸ್ಸಿನಲ್ಲಿ ಗಂಡಸಿನ ಮುಖ ಕೆಂಪಾಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ಮುಂದೆ ಅದು ಬೆಳೆಯುತ್ತ ಹೋಯಿತು. ವಾರಕ್ಕೊಮ್ಮೆ ಇದ್ದದ್ದು ದಿನಕ್ಕೊಮ್ಮೆಯಾಯಿತು, ಆಮೇಲೆ ತುತ್ತು ತುತ್ತಿಗೂ. ಮಗ್ಗದ ಹುಡುಗರು ಚೇಷ್ಟೆ ಮಾಡಿದರು. "ಕಾಕಾ, ಕಾಕೂನ ಫೋನ್ ಬಂತ್ರಿ, ಎತ್ತ್ರಿ!" ಕಾಕಾಗೆ ಅದು ಚೇಷ್ಟೆಯಲ್ಲ. ಕೆಮ್ಮಿ ಕೆಮ್ಮಿ ಸುಸ್ತಾದ ಮೇಲೂ ಮೀಸೆಯ ಕೆಳಗೆ ಸಣ್ಣ ನಗು ಇರುತ್ತಿತ್ತು. ಅರ್ಧ ರೊಟ್ಟಿ ಬಿಟ್ಟೇಳುವರು. ಅಂಗಿ ಸಡಿಲವಾಯಿತು. ಬಾಯಿಯ ಅಂಚಿನಲ್ಲಿ ಜೊಲ್ಲು ಬರುತ್ತದೆಂದು ಹೆಗಲ ಮೇಲೆ ಟವೆಲ್ ಬಂತು. ಬೆರಳು ನಡುಗಿ ಗಂಟು ತಪ್ಪುತ್ತಿವೆ ಎಂದು ಕಾರಖಾನೆ ಮಾಲಕ ನನ್ನ ಬಳಿ ಹೇಳಿದ. ನಾನು ವಯಸ್ಸಾಯಿತು, ಹಲ್ಲು ಹೋದವು ಎಂದುಕೊಂಡೆ. ಹಲ್ಲಿನ ಡಾಕ್ಟರಿಗೆ ತೋರಿಸಿರಿ ಎಂದರೆ, "ನನಗೇನ್ ಆಗೇತ್ರಿ? ಯಾರಿಗರ ನೆನಪಾದ್ರ ಅದು ಬ್ಯಾನೀನಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ಒಬ್ಬ ಮಗ್ಗದವನ ಮಗಳ ಸಾಖರಪುಡಾ, ಎಂದರೆ ನಿಶ್ಚಿತಾರ್ಥದ ಊಟ, ನಮ್ಮ ಖಾನಾವಳಿಯಲ್ಲೇ ಆಯಿತು. ನಮ್ಮ ಕಡೆ ಪಂಕ್ತಿಯಲ್ಲಿ ಇನ್ನೊಂದು, ಇನ್ನೊಂದು ಎಂದು ಆಗ್ರಹ ಮಾಡದಿದ್ದರೆ ಅದು ಊಟವೇ ಅಲ್ಲ. ಬೇಡ ಎಂದವರ ಬಾಯಿಗೇ ತುರುಕಬೇಕು. ಹುಡುಗಿಯ ಅಪ್ಪ ಹೋಳಿಗೆ ಹಿಡಿದುಕೊಂಡು ಬಂದ, ಕಾಕಾ ಕೈ ಅಡ್ಡ ಹಿಡಿದರೂ ಬಿಡಲಿಲ್ಲ. "ಒಂದ ತುತ್ತು ಕಾಕಾ, ನನ್ನ ಮಗಳ ಆಣಿ" ಎಂದು ದೊಡ್ಡ ತುಂಡು ಬಾಯಿಗಿಟ್ಟ.

ಈ ಸಲ ಕೆಮ್ಮು ಬರಲಿಲ್ಲ. ಅದೇ ಭಯ. ಸಪ್ಪಳವೇ ಇಲ್ಲ. ಕಾಕಾ ಎದ್ದು ನಿಂತರು, ಕೈ ಗಂಟಲಿಗೆ ಹೋಯಿತು, ತುಟಿ ನೀಲಿಗಟ್ಟಿತು. ಸುತ್ತಲಿನವರು ಒಬ್ಬರಾದ ಮೇಲೊಬ್ಬರು ನೆತ್ತಿ ತಟ್ಟುತ್ತಿದ್ದಾರೆ, "ಯಾರ ನೆನಸಾಕತ್ತಾರ, ಹೆಸರ ಹೇಳ್ರಿ, ಹೆಸರ ಹೇಳಿದ್ರ ಇಳೀತೈತಿ" ಎಂದು. ಬೀಮ್ ಹೊರುವ ಹಮಾಲನೊಬ್ಬ ಅವರನ್ನೆಲ್ಲ ದಬ್ಬಿ ಬಂದು, ಕಾಕಾನನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಬಲವಾಗಿ ಹೊಡೆದ, ಮತ್ತೆ ಹೊಡೆದ. ಹೋಳಿಗೆ ಹೊರಗೆ ಬಿತ್ತು. ಉಸಿರು ಬಂತು.

ಎಲ್ಲರೂ ನೀರು ಗಾಳಿ ಎಂದು ಓಡಾಡುವಾಗ ಕಾಕಾ ನನ್ನ ಕೈ ಹಿಡಿದು, ಬಾರದ ದನಿಯಲ್ಲಿ ಆಡಿದ ಮೊದಲ ಮಾತು ಇದು: "ಇವತ್ತ ಭಾಳ ನೆನಸ್ಯಾಳ ಅಕ್ಕಾ."

ಜನ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಬಾಯಿ ಮುಚ್ಚ್ರಿ ಕಾಕಾ! ನೆನಸೂದಂತ ನೆನಸೂದು! ನಾಳೆ ಮುಂಜಾನೆ ಕೊಲ್ಹಾಪುರಕ್ಕ ನಡೀರಿ, ಇಲ್ಲಾಂದ್ರ ನನ್ನ ಖಾನಾವಳಿ ಕಟ್ಟಿ ಹತ್ತಬ್ಯಾಡ್ರಿ" ಎಂದೆ. ಅಳುವನ್ನೆಲ್ಲ ನಾನು ಬೈಗಳದಲ್ಲೇ ತೀರಿಸಿಕೊಳ್ಳುವವಳು.

ಕೊಲ್ಹಾಪುರದಲ್ಲಿ ಡಾಕ್ಟರು ಒಬ್ಬ ಹೆಣ್ಣುಮಗಳು, ಸಣ್ಣ ವಯಸ್ಸು. ಗಂಟಲು ನೋಡುವ ಮೊದಲು ಅವರು ಕೈ ನೋಡಿದರು. "ಕಾಕಾ, ಹಾತ ಥರಥರತೋ ಕಾ?" ಕೈ ನಡುಗುತ್ತದೆಯೇ ಎಂದು ಕೇಳಿ, ನಡೆದು ತೋರಿಸಿ ಎಂದರು, ರಾತ್ರಿ ತಲೆದಿಂಬು ಒದ್ದೆಯಾಗುತ್ತದೆಯೇ ಎಂದು ಕೇಳಿದರು. ಯಾವ ಗುಳಿಗೆ, ಎಷ್ಟು ವರ್ಷದಿಂದ ಎಂದು ಕೇಳಿದರು. ಆಮೇಲೆ ನನಗೂ ತಿಳಿಯುವ ಹಾಗೆ ಸಾವಕಾಶವಾಗಿ ಹೇಳಿದರು. ತಲೆಯನ್ನು ಹಿಡಿತದಲ್ಲಿಡುವ ಈ ಗುಳಿಗೆ ಕೆಲವರಲ್ಲಿ ಮೈಯ ಸ್ನಾಯುಗಳನ್ನೂ ಬಿಗಿಯಾಗಿ, ನಿಧಾನವಾಗಿ ಮಾಡಿಬಿಡುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಕೈ ನಡುಗುತ್ತದೆ, ಜೊಲ್ಲು ನಿಲ್ಲುವುದಿಲ್ಲ, ನುಂಗುವುದು ಕಷ್ಟವಾಗುತ್ತದೆ, ತುತ್ತು ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತದೆ. ಹಾಗೆಂದು ಗುಳಿಗೆಯನ್ನು ತಾವಾಗಿಯೇ ಬಿಡಬಾರದು, ಬಿಟ್ಟರೆ ಹಳೆಯ ಬೇನೆ ಮರಳಿ ಬರುತ್ತದೆ. ತಾವು ಅದನ್ನು ಮೆಲ್ಲಗೆ ಕಡಿಮೆ ಮಾಡುತ್ತ ಬೇರೆಯದಕ್ಕೆ ಬದಲಿಸುವುದಾಗಿ ಹೇಳಿದರು. ಅಲ್ಲಿಯ ತನಕ ಮೆತ್ತಗಿನ ಊಟ, ಸಣ್ಣ ತುತ್ತು. ನೆಟ್ಟಗೆ ಕೂತು, ಗದ್ದ ಎದೆಯ ಕಡೆ ಬಗ್ಗಿಸಿ ನುಂಗಬೇಕು. ಒಣ ರೊಟ್ಟಿ ಬೇಡ, ಶೇಂಗಾ ಬೇಡ, ಭಡಂಗ ಬೇಡ.

"ಮತ್ತೆ, ಉಣ್ಣುವಾಗ ಮಾತಾಡಬಾರದು" ಎಂದರು ಡಾಕ್ಟರು.

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಕೂತಿದ್ದರು ಕಾಕಾ. ಭಡಂಗ, ಎಂದರೆ ಖಾರ ಹಚ್ಚಿದ ಚುರುಮುರಿ, ಅವರ ಜೀವ, ಅದರ ಬಗ್ಗೆ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ. ಮರಾಠಿಯಲ್ಲಿ, ಬಹಳ ಮರ್ಯಾದೆಯಿಂದ: "ಹಾಗಾದರೆ ಡಾಕ್ಟರಬಾಯಿ, ಇಷ್ಟು ದಿನ ಯಾರೂ ನೆನೆಯುತ್ತಿರಲಿಲ್ಲವೇ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ನೆನೆಯುತ್ತಿರಬಹುದು ಕಾಕಾ" ಎಂದರು ಆ ಹುಡುಗಿ. "ಆದರೆ ಈ ಕೆಮ್ಮು ಗುಳಿಗೆಯದು."

ಹಿಂದಿರುಗುವಾಗ ಬಸ್ಸಿನಲ್ಲಿ, ಊರು ಹತ್ತಿರ ಬಂದ ಮೇಲೆ ಹೇಳಿದರು, "ನನಗ ಆ ಕಡಿಂದ ಬರ್ತಿದ್ದ ಸುದ್ದಿ ಇದೊಂದ. ಅದನ್ನೂ ಬಂದ್ ಮಾಡ್ರಿ ಅಂತೀರಿ."

ಬಂದ್ ಮಾಡಲು ಅವರು ತಯಾರಿರಲಿಲ್ಲ. ರಾತ್ರಿಯ ಹಳೆಯ ಗುಳಿಗೆ ತಪ್ಪಿಸಲಿಲ್ಲ, ಆದರೆ ಡಾಕ್ಟರು ಬದಲಿಸಿ ಕೊಟ್ಟದ್ದು ಕಿಸೆಯಲ್ಲೇ ಉಳಿಯಿತು. ನಾನು ಅನ್ನ ಮೆತ್ತಗೆ ಕಲಸಿಕೊಟ್ಟರೆ ಪಕ್ಕದವನ ತಾಟಿನಿಂದ ಒಣಗಿದ ಕಟಕ ರೊಟ್ಟಿ ಎತ್ತಿಕೊಳ್ಳುವರು. ತಲೆ ಮೇಲೆತ್ತಿ, ಮಾತಾಡುತ್ತ, ಬೇಕೆಂದೇ ಉಣ್ಣುವರು. ಕೆಮ್ಮು ಬಂದಾಗ ನನ್ನ ಕಡೆ ನೋಡುವರು, ನೋಡಿರಿ, ಬಂತು ಎಂಬಂತೆ. ಬೈದೆ, ಆಣೆ ಹಾಕಿದೆ, ಒಂದು ಹೊತ್ತು ಬಡಿಸದೆಯೂ ನೋಡಿದೆ. ಹಿಂದಿನ ಸಲ ಹಮಾಲ ಇದ್ದ. ಮುಂದಿನ ಸಲ ಇರುತ್ತಾನೆಂದು ಯಾರು ಬರೆದುಕೊಟ್ಟಿದ್ದಾರೆ? ಮನುಷ್ಯ ನನ್ನ ಕಣ್ಣೆದುರೇ, ನನ್ನ ಅನ್ನದಿಂದಲೇ ಸಾಯುವುದು ಖಚಿತವೆನಿಸಿತು.

ಒಂದು ದಿನ ಒಲೆಯನ್ನು ಗಂಡನ ಕೈಗೆ ಕೊಟ್ಟು ಬಸ್ಸು ಹತ್ತಿದೆ. ನಿಪ್ಪಾಣಿಯಲ್ಲಿ ಬದಲಿಸಿ ಗಡಹಿಂಗ್ಲಜ ಮುಟ್ಟಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಪೇಟೆಯ ಹಿಂದಿನ ಓಣಿಯಲ್ಲಿ ಹೆಂಡತಿಯ ಅಣ್ಣನ ಹಿಟ್ಟಿನ ಗಿರಣಿ ಇದೆ ಎಂದು ಕಾಕಾ ಯಾವಾಗಲೋ ಹೇಳಿದ್ದರು. ಅಣ್ಣ ತೀರಿಹೋಗಿದ್ದ, ಗಿರಣಿಯನ್ನು ಈಗ ಆಕೆಯೇ ನಡೆಸುತ್ತಿದ್ದರು. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಹಿಟ್ಟು. ಕೊರಳಲ್ಲಿ ತಾಳಿ ಇತ್ತು, ನಾನು ಮೊದಲು ನೋಡಿದ್ದು ಅದನ್ನೇ.

ಯಾರ ಕಡೆಯಿಂದ ಬಂದೆ ಎಂದು ಹೇಳಿದ ಕೂಡಲೇ ಆಕೆ ಗಿರಣಿ ಬಂದ್ ಮಾಡಿದರು. ಸುದ್ದಿ ಕೆಟ್ಟದ್ದಿರಬೇಕು ಎಂದು ತಿಳಿದು ಗೋಡೆ ಹಿಡಿದುಕೊಂಡರು. ಹಾಗೇನಿಲ್ಲ ಎಂದು ಕೂರಿಸಿ ಎಲ್ಲ ಹೇಳಿದೆ. ಗುಳಿಗೆ, ಗಂಟಲು, ಹೋಳಿಗೆ, ಕೊಲ್ಹಾಪುರ. ಹೇಳಿ ಮುಗಿಸಿ, ನನ್ನ ಬಾಯಿ ಸುಮ್ಮನಿರಬೇಕಲ್ಲ, ನೇರವಾಗಿ ಕೇಳಿಯೇಬಿಟ್ಟೆ.

"ಸಿಟ್ಟಿಗೇಳಬ್ಯಾಡ್ರಿ ವೈನಿ. ನೀವು ಅವರನ್ನ ನೆನಸ್ತೀರೋ ಇಲ್ಲೋ?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಹಿಟ್ಟು ಹೋಗಿ ವಯಸ್ಸು ಕಾಣಿಸಿತು.

"ನೆನಸದ ಏನ್ ಮಾಡ್ಲಿ? ದಿನಾ ನೆನಸ್ತೇನ್ರಿ. ಆದ್ರ ಊಟದ ಹೊತ್ತಿಗೆ ನೆನಸೂದಿಲ್ಲ."

"ಯಾಕ?"

"ಅವರಿಗೆ ನೆತ್ತಿಗೇರಬಾರದು ಅಂತ. ನನ್ನ ಸಲುವಾಗಿ ಆ ಮನಿಷ್ಯಾ ಭಾಳ ಅನ್ನಾ ಬಿಟ್ಟಾರ. ನನ್ನ ಕೈ ಅಂದ್ರ ಅಂಜತಿದ್ರು. ಈಗರ ಸಮಾಧಾನಲೇ ಉಣ್ಲಿ ಅಂತ ಆ ಹೊತ್ತಿನ್ಯಾಗ ನಾ ಬ್ಯಾರೆ ಏನರ ವಿಚಾರ ಮಾಡತೇನಿ. ನಾಕು ಗಂಟೆಕ್ಕ ನೆನಸ್ತೇನಿ. ಆಗ ಯಾರೂ ಉಣ್ಣೂದಿಲ್ಲ ನೋಡ್ರಿ."

ನಾನು ಮಾತಿಗೆ ಸೋಲುವವಳಲ್ಲ. ಅಂದು ಆ ಹಿಟ್ಟಿನ ಕಟ್ಟೆಯ ಮೇಲೆ ಕೂತು ಹೋ ಎಂದು ಅತ್ತೆ. ಆಕೆಯೇ ನನಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಯಿತು.

ರಾತ್ರಿ ಕಾಕಾ ಊಟಕ್ಕೆ ಬಂದಾಗ ತಾಟು ಇಡಲಿಲ್ಲ. ಎದುರಿಗೆ ಕೂತು ಆಕೆ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾಕಾ ಕೇಳಿದರು. ಎರಡನೆಯ ಸಲ ಹೇಳಿಸಿಕೊಂಡರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಂಡರು. ಖಾನಾವಳಿಯಲ್ಲಿ ಯಾರೂ ಚೇಷ್ಟೆ ಮಾಡಲಿಲ್ಲ.

"ಹಂಗಾದ್ರ ಈ ಕೆಮ್ಮು ಆಕೀದಲ್ಲ" ಎಂದರು ಕಡೆಗೆ.

"ಅಲ್ಲ."

"ಅಕ್ಕಾ, ಅನ್ನಾ ಮೆತ್ತಗ ಕಲಸ್ರಿ. ಹಾಲ ಹಾಕ್ರಿ." ಕಿಸೆಯಿಂದ ಕೊಲ್ಹಾಪುರದ ಗುಳಿಗೆಯ ಚೀಟಿ ತೆಗೆದು ನನ್ನ ಮುಂದಿಟ್ಟರು. "ಇದನ್ನ ಹೆಂಗ ತಗೋಬೇಕಂತ ಒಂದ ಸಲ ಓದಿ ಹೇಳ್ರಿ."

ಅಂದಿನಿಂದ ಗದ್ದ ಬಗ್ಗಿಸಿ ಉಂಡರು. ಸಣ್ಣ ತುತ್ತು, ಒಂದು ನುಂಗಿ ಇಳಿದ ಮೇಲೆಯೇ ಇನ್ನೊಂದು. ಮಾತಿಲ್ಲ. ಅಷ್ಟು ವರ್ಷ ತುತ್ತಿಗೊಂದು ಮಾತಾಡಿದ ಮನುಷ್ಯ ಸುಮ್ಮನೆ ಉಣ್ಣುವುದನ್ನು ನೋಡಲು ನನಗೇ ಬೇಸರ. ಉಪ್ಪಿನ ದೂರನ್ನೆಲ್ಲ ಕೈ ತೊಳೆದು ಬಂದ ಮೇಲೆ ಒಟ್ಟಿಗೆ ಹೇಳುತ್ತಿದ್ದರು. ಡಾಕ್ಟರ ಬಳಿ ತಪ್ಪದೆ ಹೋದರು. ಗುಳಿಗೆ ಬದಲಾಗುತ್ತ ಬಂದ ಹಾಗೆ ಬೆರಳಿನ ನಡುಕ ಕಡಿಮೆಯಾಯಿತು, ಟವೆಲ್ ಹೆಗಲಿನಿಂದ ಇಳಿಯಿತು. ಗಂಟಲು ಪೂರ್ತಿ ಮೊದಲಿನಂತಾಗಲಿಲ್ಲ, ಕಟಕ ರೊಟ್ಟಿ ಮತ್ತೆ ಸಿಗಲಿಲ್ಲ. ಅದಕ್ಕೆ ಅವರು ಹೆಚ್ಚು ಅತ್ತಿದ್ದಿಲ್ಲ. ಭಡಂಗದ ಗಾಡಿ ಹೋದಾಗ ಮಾತ್ರ ಎದ್ದು ಬಾಗಿಲಿಗೆ ಬಂದು ವಾಸನೆ ತೆಗೆದುಕೊಂಡು, "ಆತು, ತಿಂದಂಗ ಆತು" ಎಂದು ಒಳಗೆ ಹೋಗುವರು.

ಇನ್ನೊಂದು ಹೊಸ ಪದ್ಧತಿ ಬಂತು. ಕಾರಖಾನೆಯಲ್ಲಿ ನಾಲ್ಕು ಗಂಟೆಗೆ ಚಹಾ ಬರುತ್ತದೆ. ಕಾಕಾ ಮುಟ್ಟುತ್ತಿರಲಿಲ್ಲ. ಬೇಕಾದರೆ ಮೊದಲೇ ಕುಡಿಯುವರು, ಇಲ್ಲವೇ ಆರಿದ ಮೇಲೆ. ನಾಲ್ಕರ ಹೊತ್ತಿಗೆ ಬಾಯಿ ಖಾಲಿ ಇಟ್ಟುಕೊಂಡು, ಗಂಟು ಹಾಕುವ ಕೈ ನಿಲ್ಲಿಸಿ, ಸುಮ್ಮನೆ ಕೂತಿರುವರು. "ಕಾಕಾನ ನಾಕರ ಉಪವಾಸ" ಎಂದು ಹುಡುಗರು ನಗುತ್ತಿದ್ದರು. ಏತಕ್ಕೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಗಡಹಿಂಗ್ಲಜದಿಂದ ಆಕೆ ಒಮ್ಮೆ ಬಂದರು. ಹೇಳದೆ ಕೇಳದೆ, ಸ್ಟೀಲಿನ ಡಬ್ಬಿಯಲ್ಲಿ ಮೆತ್ತಗೆ ಬೇಯಿಸಿದ ಗೋದಿ ಸಜ್ಜಕ ಕಟ್ಟಿಕೊಂಡು, ಸರಿಯಾಗಿ ಊಟದ ಹೊತ್ತಿಗೆ. ಕಾಕಾ ಕಿಟಕಿ ಪಕ್ಕ ಕೂತಿದ್ದರು. ಆಕೆ ಎದುರಿಗೆ ಕೂತು ಡಬ್ಬಿ ತೆರೆದರು, ಹಳೆಯ ಚಾಳಿ ನೋಡಿ, ಮೊದಲು ತಾವೊಂದು ಚಮಚ ತಿನ್ನಲು ಎತ್ತಿದರು. ಕಾಕಾ ಆ ಕೈ ಹಿಡಿದು ನಿಲ್ಲಿಸಿದರು. ಚಮಚವನ್ನು ತಮ್ಮ ಕಡೆ ತಿರುಗಿಸಿ, ಗದ್ದ ಬಗ್ಗಿಸಿ, ನುಂಗಿದರು. ಡಬ್ಬಿ ಖಾಲಿಯಾಗುವ ತನಕ ಇಬ್ಬರೂ ಮಾತಾಡಲಿಲ್ಲ. ಉಣ್ಣುವಾಗ ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಲ್ಲ. ಆ ದಿನ ಅದು ಇಬ್ಬರಿಗೂ ಒಳ್ಳೆಯದೇ ಆಯಿತು. ಆಮೇಲೆಯೂ ಆಕೆ ಆಗಾಗ ಬಂದು ಹೋಗುತ್ತಿದ್ದರು. ಗಿರಣಿ ಬಿಟ್ಟು ಇಲ್ಲಿಗೆ ಬರಲಿಲ್ಲ, ಇವರು ಮಗ್ಗ ಬಿಟ್ಟು ಅಲ್ಲಿಗೆ ಹೋಗಲಿಲ್ಲ. ಅಷ್ಟಕ್ಕೇ ಇಬ್ಬರೂ ತೃಪ್ತರಿದ್ದರು. ನಾವು ಯಾರು ಹೆಚ್ಚು ಕೇಳಲು?

ಕಾಕಾ ನಿದ್ದೆಯಲ್ಲೇ ಹೋದರು. ಹೃದಯ ನಿಂತಿತು, ಗಂಟಲಿಗೂ ಅದಕ್ಕೂ ಸಂಬಂಧವಿಲ್ಲ ಎಂದರು ನೋಡಿದ ಡಾಕ್ಟರು. ನಾನು ಫೋನ್ ಮಾಡಿದಾಗ ಆ ಕಡೆ ಗಿರಣಿಯ ಸಪ್ಪಳ ನಿಂತಿತು. ಆಕೆ ಕೇಳಿದ್ದು ಒಂದೇ. "ಉಂಡ ಮಲಗಿದ್ರೇನ್ರಿ?"

"ಉಂಡಿದ್ರು ವೈನಿ. ಹೊಟ್ಟಿ ತುಂಬ."

ಮಣ್ಣು ಮಾಡಿ ಬಂದ ಮರುದಿನ ಮಧ್ಯಾಹ್ನ ವೈನಿಯನ್ನು ಕರೆದುಕೊಂಡು ಬಂದು ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂರಿಸಿದೆ. ಪಾಳಿಯವರೆಲ್ಲ ಉಣ್ಣುತ್ತಿದ್ದರು. ತಾಟಿಟ್ಟು ರೊಟ್ಟಿ ಹಾಕಿದೆ. ಆಕೆ ರೊಟ್ಟಿಯ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ಕೂತರು. ಉಣ್ರಿ ಎಂದೆ. ಆಗ್ರಹ ಮಾಡಲು ನನಗೆ ಬಾಯಿ ಬರಲಿಲ್ಲ.

"ಇಷ್ಟ ವರ್ಷ ಈ ಹೊತ್ತಿನ್ಯಾಗ ಅವರನ್ನ ನೆನಸಿದ್ದಿಲ್ರಿ" ಎಂದರು ಆಕೆ. "ಇನ್ನ ನೆನಸಬಹುದು."

ಹಾಗೆಂದು ರೊಟ್ಟಿ ಮುರಿದರು.